ಬಣ್ಣ ಹಚ್ಚದೆ ಜೀವಕೋಶ ನೋಡುವ ವಿದ್ಯೆ

ಜೀವಕೋಶದ ಬಹುಪಾಲು ನೀರು. ಸಾಮಾನ್ಯ ಸೂಕ್ಷ್ಮದರ್ಶಕದಡಿ ಅದು ಹೆಚ್ಚುಕಡಿಮೆ ಪಾರದರ್ಶಕ. ಹಾಗಾಗಿಯೇ ಬಣ್ಣ ಹಚ್ಚಿ ನೋಡುವ ರೂಢಿ ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದಿದೆ. ಬಣ್ಣದ ನೆರವಿಲ್ಲದೆ, ಬೆಳಕಿನಿಂದಲೇ ಕೋಶವನ್ನು ಗುರುತಿಸುವ ವಿಧಾನಗಳು ಈಗ ಶಸ್ತ್ರಚಿಕಿತ್ಸಾ ಕೊಠಡಿಯವರೆಗೂ ಬಂದಿವೆ.

ಬಣ್ಣದ ಸ್ಲೈಡ್ ಆಗುವ ಬಗೆ

ಬಯಾಪ್ಸಿಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್‌ನಿಂದ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತಾರೆ. ನಂತರ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಹಚ್ಚುತ್ತಾರೆ. ಕೋಶಕೇಂದ್ರ ನೀಲಿ-ನೇರಳೆಯಾಗುತ್ತದೆ, ಸುತ್ತಲಿನದು ಗುಲಾಬಿ. ವರದಿ ಕೈಗೆ ಬರಲು ಸಾಮಾನ್ಯವಾಗಿ ಒಂದೆರಡು ದಿನವಾದರೂ ಬೇಕು. ಅಷ್ಟರಲ್ಲಿ ಕೋಶವೂ ಸತ್ತಿರುತ್ತದೆ.

ಝೆರ್ನಿಕೆ ತೆರೆದ ದಾರಿ

ಕೋಶದೊಳಗಿಂದ ಹಾದುಬರುವ ಬೆಳಕು ತುಸು ತಡವಾಗುತ್ತದೆ. ಕಣ್ಣಿಗೆ ಆ ವಿಳಂಬ ತಿಳಿಯದು. ನೆದರ್ಲೆಂಡ್ಸ್‌ನ ಫ್ರಿಟ್ಸ್ ಝೆರ್ನಿಕೆ 1930ರ ದಶಕದಲ್ಲಿ ಅದನ್ನು ಬೆಳಕು-ನೆರಳಿನ ವ್ಯತ್ಯಾಸವಾಗಿ ಬದಲಿಸಿ ತೋರಿಸಿದರು. ಕೋಶ ವಿಭಜನೆಯನ್ನು ಜೀವಂತವಾಗಿಯೇ ಸ್ಪಷ್ಟವಾಗಿ ನೋಡುವುದು ಇದರಿಂದ ಸುಲಭವಾಯಿತು. 1953ರ ಭೌತಶಾಸ್ತ್ರ ನೊಬೆಲ್ ಅವರಿಗೆ ಸಂದಿತು.

ರಾಮನ್ ಪರಿಣಾಮದ ಹೊಸ ಕೆಲಸ

1928ರಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡುಕೊಂಡದ್ದು ಇಲ್ಲಿ ಅತಿ ಮುಖ್ಯ. ಅಣುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದು ಅಲ್ಪಾಂಶ ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಆ ಬದಲಾವಣೆ ಅಣುವಿನ ಕಂಪನಕ್ಕೆ ತಕ್ಕಂತೆ ಇರುತ್ತದೆ. ಆದರೆ ಹಾಗೆ ಬದಲಾಗುವುದು ಸುಮಾರು ಕೋಟಿಗೊಂದು ಫೋಟಾನ್ ಮಾತ್ರ. ಎರಡು ಲೇಸರ್‌ಗಳ ಆವರ್ತನಗಳ ಅಂತರವನ್ನು ಆ ಕಂಪನಕ್ಕೇ ಹೊಂದಿಸಿದರೆ ಸಂಕೇತ ಬಹಳ ಪ್ರಬಲವಾಗುತ್ತದೆ. ಇದನ್ನು ಪ್ರಚೋದಿತ ರಾಮನ್ ಚದುರಿಕೆ ಎನ್ನುತ್ತಾರೆ.

ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹೊರತೆಗೆದ ಸಾಸಿವೆಯಷ್ಟು ತುಣುಕನ್ನು ಗಾಜಿನ ಸ್ಲೈಡ್ ಮೇಲೆ ಒತ್ತಿ ಲೇಸರ್ ಹಾಯಿಸುತ್ತಾರೆ. ಕೊಬ್ಬು, ಪ್ರೋಟೀನ್‌ಗಳು ತಮ್ಮ ಕಂಪನದಿಂದಲೇ ಬೇರೆಬೇರೆಯಾಗಿ ಕಾಣುತ್ತವೆ. ಕಂಪ್ಯೂಟರ್ ಆ ಚಿತ್ರಕ್ಕೆ ಪೆಥಾಲಜಿಸ್ಟ್‌ಗಳಿಗೆ ರೂಢಿಯಾದ ನೇರಳೆ-ಗುಲಾಬಿ ತುಂಬುತ್ತದೆ. ಅಮೆರಿಕದಲ್ಲಿ 278 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೃತಕ ಬುದ್ಧಿಮತ್ತೆ ಇಂಥ ಚಿತ್ರ ನೋಡಿ 150 ಸೆಕೆಂಡಿನೊಳಗೆ ಉತ್ತರ ಕೊಟ್ಟಿತು. ನಿಖರತೆ ಶೇ 94.6. ಸಾಂಪ್ರದಾಯಿಕ ವಿಧಾನದ್ದು ಶೇ 93.9. ತಲೆಬುರುಡೆ ತೆರೆದಿಟ್ಟುಕೊಂಡು ತುರ್ತು ಪರೀಕ್ಷೆಯ ವರದಿಗೆ ಅರ್ಧ ಗಂಟೆ ಕಾಯುವುದು ತಪ್ಪುವುದಾದರೆ, ರೋಗಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮಿತಿಗಳು

ಲೇಸರ್ ಉಪಕರಣ ದುಬಾರಿ. ಬೆಳಕು ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಸ್ತನ ಕ್ಯಾನ್ಸರಿನ ಚಿಕಿತ್ಸೆ ನಿರ್ಧರಿಸುವಂಥ ನಿರ್ದಿಷ್ಟ ಪ್ರೋಟೀನ್ ಪತ್ತೆಗೆ ಇಂದಿಗೂ ಬಣ್ಣದ ಪರೀಕ್ಷೆಯೇ ಆಧಾರ. ಹಾಗಾಗಿ ಅಂತಿಮ ವರದಿಯನ್ನು ಹಳೆಯ ಪದ್ಧತಿಗೇ ಬಿಡುವುದು ಸದ್ಯಕ್ಕೆ ಸರಿ. ರಾಮನ್ ಚಿತ್ರ ತೆಗೆದ ತುಣುಕು ಹಾಳಾಗುವುದಿಲ್ಲ, ಅದನ್ನೇ ಮತ್ತೆ ಫಾರ್ಮಲಿನ್‌ಗೆ ಹಾಕಿ ಬಣ್ಣ ಹಚ್ಚಿ ನೋಡಬಹುದು.