ಮೈಮೇಲೆ ಬಂದ ದೇವರು: ಸಾಚಾ ಯಾವುದು, ಸೋಗು ಯಾವುದು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ‘ದೇವರು ಬಂತು’ ಎಂಬ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಂದೆಗೆದಾಗ, ದನ ಕಳೆದಾಗ, ಮನೆಯ ಮಗುವಿಗೆ ಜ್ವರ ಬಿಡದಿದ್ದಾಗ ಜನ ಗುಡಿಯ ಮುಂದೆ ಕೂಡುತ್ತಾರೆ. ಪೂಜಾರಿಯ ಮೈ ನಡುಗುತ್ತದೆ, ದನಿ ಬದಲಾಗುತ್ತದೆ, ಅಪ್ಪಣೆಯಾಗುತ್ತದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನನ್ನು ಗಣೆಯ ನಾದದೊಡನೆ ಹಾಡಿಕೊಂಡು ಬಂದ ಕಾಡುಗೊಲ್ಲರಿಗೂ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ನೆರೆಯುವ ಜನಕ್ಕೂ ದೈವವೆಂಬುದು ಬರಿಯ ಕಲ್ಲಲ್ಲ, ಮಾತನಾಡಬಲ್ಲ ಹಿರಿಯ. ಆದರೆ ಮಾತನಾಡುವುದು ಮನುಷ್ಯನ ಬಾಯಿ. ಆ ಬಾಯಿ ಸಾಚಾವೋ ಸೋಗೋ ಎಂಬ ಸಂಶಯವು ದೈವದಷ್ಟೇ ಹಳೆಯದು.

ಈ ಸಂಶಯ ಪೇಟೆಯ ವಿದ್ಯಾವಂತರು ತಂದದ್ದೆಂದು ಭಾವಿಸಬಾರದು. ಮೈದುಂಬಿದವನ ಅಂಗೈಯಲ್ಲಿ ಕರ್ಪೂರ ಉರಿಸಿ ನೋಡುವುದು, ವಸ್ತುವೊಂದನ್ನು ಬಚ್ಚಿಟ್ಟು ಹುಡುಕಲು ಹೇಳುವುದು ಹಳ್ಳಿಗರೇ ಕಂಡುಕೊಂಡ ಪರೀಕ್ಷೆಗಳು. ಇವೆರಡರ ನಡುವೆ ದೊಡ್ಡ ಅಂತರವಿದೆ. ಕರ್ಪೂರದ ಪರೀಕ್ಷೆ ಅಳೆಯುವುದು ಸಹನೆಯನ್ನು. ಆವೇಶದಲ್ಲಿರುವವನಿಗೆ ನೋವು ಅಷ್ಟಾಗಿ ತಟ್ಟದು, ಅಭ್ಯಾಸವಿದ್ದವನು ಕೈ ಬದಲಿಸುತ್ತ ನಿಭಾಯಿಸಿಯಾನು. ಬಚ್ಚಿಟ್ಟ ವಸ್ತುವಿನ ಪರೀಕ್ಷೆಯಾದರೋ ಅರಿವನ್ನೇ ಅಳೆಯುತ್ತದೆ. ಬಚ್ಚಿಟ್ಟವನು ಎದುರಿಗೆ ನಿಂತು ಕಣ್ಣಿನಲ್ಲೇ ಸುಳಿವು ಕೊಡದಿದ್ದರೆ ಅದು ಯಾವ ಪ್ರಯೋಗಶಾಲೆಗೂ ಒಪ್ಪುವಂಥದು.

ನಮ್ಮ ಸಾಹಿತ್ಯದಲ್ಲಿಯೂ ಈ ಶೋಧನೆಗೆ ಪೂರ್ವಿಕರಿದ್ದಾರೆ. 12ನೆಯ ಶತಮಾನದ ಜೈನ ಕವಿ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ತನ್ನ ಕಾಲದ ಮತಗಳನ್ನೂ ಜನರ ಕಿರುದೈವಗಳನ್ನೂ ಕಟುವಾಗಿ ಗೇಲಿ ಮಾಡಿದ. ಪರಮತದ ಮೇಲೆ ಹರಿದ ಆ ಕಣ್ಣು ಸ್ವಮತದ ಕಡೆ ಅಷ್ಟೇ ಚುರುಕಾಗಿ ಹೊರಳಲಿಲ್ಲವೆಂಬುದನ್ನೂ ಹೇಳಲೇಬೇಕು. ಪರೀಕ್ಷಕನ ಮೊದಲ ದೋಷವೇ ಇದು.

ಪಶ್ಚಿಮದಲ್ಲಿ ಈ ವಿಚಾರಕ್ಕೆ ಕ್ರಮಬದ್ಧ ಶೋಧನೆ ಒದಗಿದ್ದು 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನೆಯ ಸಂಘ ಹುಟ್ಟಿದ ಮೇಲೆ. ಆ ಸಂಘವು 1884ರಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬ ತರುಣನನ್ನು ನಮ್ಮ ನೆರೆಯ ಮದರಾಸಿಗೇ ಕಳಿಸಿತು. ಅಡಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿ ಮಹಾತ್ಮರ ಪತ್ರಗಳು ಪವಾಡದಿಂದ ಬರುತ್ತವೆಂಬ ಪ್ರಚಾರವನ್ನು ಆತ ಶೋಧಿಸಿದ. ಅದರ ಫಲವಾಗಿ 1885ರಲ್ಲಿ ಪ್ರಕಟವಾದ ವರದಿ ಬ್ಲಾವಟ್ಸ್ಕಿಯವರನ್ನು ವಂಚಕಿಯೆಂದು ಸಾರಿತು. ಅದೇ ಸಂಘದ ಪತ್ರಿಕೆಯಲ್ಲಿ 1986ರಲ್ಲಿ ವರ್ನನ್ ಹ್ಯಾರಿಸನ್ ಎಂಬವರು ಈ ವರದಿ ಪಕ್ಷಪಾತದಿಂದ ಕೂಡಿದ್ದೆಂದು ಬರೆದರು. ವಂಚನೆಯನ್ನು ಹಿಡಿಯುವವನೂ ವಿಚಾರಣೆಗೆ ಹೊರತಲ್ಲ.

ಇದೇ ಹಾಡ್ಜ್‌ಸನ್ 1887ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ ಲಿಯೊನೋರಾ ಪೈಪರ್ ಎಂಬ ಗೃಹಿಣಿಯನ್ನು ಪರೀಕ್ಷಿಸಿದ. ಆಕೆ ಎಲ್ಲಿಂದಾದರೂ ಸುದ್ದಿ ಸಂಗ್ರಹಿಸುತ್ತಾಳೋ ಎಂದು ತಿಳಿಯಲು ಪತ್ತೇದಾರರನ್ನು ಹಿಂದೆ ಬಿಟ್ಟ, ಮೋಸವೇನೂ ಸಿಕ್ಕಲಿಲ್ಲ. ಅವಳ ಮೈಮೇಲೆ ಬರುತ್ತಿದ್ದ ಆತ್ಮ ತಾನು ಫ್ರೆಂಚ್ ವೈದ್ಯನೆಂದು ಹೇಳಿಕೊಳ್ಳುತ್ತಿತ್ತು. ಆ ವೈದ್ಯನಿಗೆ ಫ್ರೆಂಚ್ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ! ಕೊನೆಗೆ ಹಾಡ್ಜ್‌ಸನ್ನನೇ ಆತ್ಮಗಳನ್ನು ನಂಬಿದ. ನಂಬದೆ ಉಳಿದದ್ದು ಯಾರೆಂದರೆ ಸ್ವತಃ ಆಕೆ. ಸತ್ತವರು ತನ್ನ ಬಾಯಿಂದ ಮಾತನಾಡಿದರೆಂದು ತನಗೆ ಅನ್ನಿಸುವುದಿಲ್ಲವೆಂದು 1901ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹೇಳಿದಳು. ಸಾಚಾತನದ ಒಂದು ಗುರುತು ನಮಗೆ ಇಲ್ಲಿ ಸಿಗುತ್ತದೆ: ತನಗೆ ಆದದ್ದನ್ನು ಹೇಳಿ, ಅದರ ಕಾರಣದ ಬಗ್ಗೆ ಜಂಬ ಕೊಚ್ಚದಿರುವುದು.

ಆದರೆ ಸಾಚಾ ಆದ ಮಾತ್ರಕ್ಕೆ ಸತ್ಯವಾದೀತೆ? ಸುತ್ತ ಕುಳಿತವರ ಕೈಕೆಳಗೆ ಮೇಜು ತಾನಾಗಿ ತಿರುಗುವ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದ್ದಾಗ, 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಒಂದು ಉಪಾಯ ಮಾಡಿದ. ಕೈಗಳಿಗೂ ಮೇಜಿಗೂ ನಡುವೆ ಜರುಗಬಲ್ಲ ರಟ್ಟಿನ ಪದರಗಳನ್ನಿಟ್ಟ. ಮೊದಲು ಸರಿಯುತ್ತಿದ್ದುದು ಮೇಜಲ್ಲ, ಕೈ! ಕೈ ಸರಿದುದನ್ನು ತೋರುವ ಕಡ್ಡಿಯೊಂದನ್ನು ಕಣ್ಣೆದುರಿಗೇ ಇಟ್ಟಾಗ ಮೇಜು ತಿರುಗುವುದೇ ನಿಂತಿತು. ಅಲ್ಲಿ ಕುಳಿತವರಾರೂ ಕಪಟಿಗಳಲ್ಲ; ತಾವೇ ತಳ್ಳುತ್ತಿರುವುದು ಅವರಿಗೇ ತಿಳಿದಿರಲಿಲ್ಲ. ನಮ್ಮ ಜಿಲ್ಲೆಯದೇ ಆದ ತಿಪಟೂರು ತಾಲ್ಲೂಕಿನ ದಸರಿಘಟ್ಟದಲ್ಲಿ, ಹಿಡಿದವರ ಕೈಯಲ್ಲಿ ಚೌಡೇಶ್ವರಿಯೇ ಅಕ್ಷರ ಬರೆದು ಉತ್ತರ ಕೊಡುತ್ತಾಳೆಂಬ ನಂಬಿಕೆ ಪ್ರಸಿದ್ಧವಾಗಿದೆ. ಇಂಥ ಕಡೆಗಳಲ್ಲಿ ದೇವರನ್ನು ಹೊತ್ತವರನ್ನು ಮೋಸಗಾರರೆನ್ನುವುದು ಅವಸರದ ಮಾತು. ಭಕ್ತಿಯಿಂದ ಹೊತ್ತವನ ತೋಳಿಗೂ ಫ್ಯಾರಡೆಯ ನಿಯಮ ಅನ್ವಯಿಸುತ್ತದೆ.

ಕಪಟವೂ ಇಲ್ಲದಿಲ್ಲ. ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪಾವಗಡದಿಂದ ಬಹುದೂರವಲ್ಲದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾದ ಬಾಲಕನೊಬ್ಬನ ಬಳಿಗೆ ಸಮಿತಿ ಹೋದಾಗ, ವಿಭೂತಿ ಅಂಗಿಯೊಳಗೆ ಅಡಗಿಸಿದ್ದುದು ಬಯಲಾಯಿತು. ಎಳೆಯ ಮಗುವಿನ ತಪ್ಪು ಅಲ್ಲಿ ಎಷ್ಟು, ಸುತ್ತ ನಿಂತ ದೊಡ್ಡವರದು ಎಷ್ಟು ಎಂಬುದನ್ನು ಓದುಗರೇ ಯೋಚಿಸಬೇಕು. ಪ್ರಶ್ನಿಸದೆ ಒಪ್ಪಬಾರದೆಂಬುದೇ ನರಸಿಂಹಯ್ಯನವರ ಬಾಳಿನ ಉಪದೇಶವಾಗಿತ್ತು.

ಹಾಗಾದರೆ ಕಪಟಿಯನ್ನು ಹಿಡಿದರೆ ಕೆಲಸ ಮುಗಿಯಿತೆ? ಇಲ್ಲ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಸೂತಕದ ಭಯದಿಂದ ಊರ ಹೊರಗಿನ ಗುಡಿಸಲಿನಲ್ಲಿರಿಸಿದ್ದರು. ಮಳೆ ಚಳಿಗೆ ಕೂಸು ಉಳಿಯಲಿಲ್ಲ. ಅಲ್ಲಿ ಯಾರೂ ಹಣಕ್ಕಾಗಿ ಸೋಗು ಹಾಕಿರಲಿಲ್ಲ; ದೇವರು ಮುನಿದೀತೆಂದು ಜನ ಮನಸಾರೆ ಅಂಜಿದ್ದರು. ಸೋಗಿನ ಪೂಜಾರಿ ಕಸಿಯುವುದು ಬಹುಮಟ್ಟಿಗೆ ಹಣವನ್ನು. ಪ್ರಾಮಾಣಿಕವಾದ ತಪ್ಪು ನಂಬಿಕೆ ಜೀವವನ್ನೇ ಕಸಿಯಬಲ್ಲದು. ಕರ್ನಾಟಕದ ಮೌಢ್ಯನಿಷೇಧದ ಕಾನೂನು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದಿದೆ. ಆದರೆ ಕಾನೂನು ಹಟ್ಟಿಯ ಬಾಗಿಲಿನವರೆಗೆ ಬಂದೀತು; ಅಂಜಿಕೆಯ ಒಳಗೆ ಹೊಕ್ಕು ಅದನ್ನು ಕರಗಿಸುವುದು ಅದರಿಂದಾಗದು.

ಆದುದರಿಂದ ‘ಇವನು ಸಾಚಾನೋ?’ ಎಂಬ ಪ್ರಶ್ನೆಯೊಂದೇ ಸಾಲದು. ಅಪ್ಪಣೆಯಾದ ಮಾತು ಸಂಭವಿಸುವ ಮೊದಲೇ ಎಲ್ಲರ ಮುಂದೆ ನಿಚ್ಚಳವಾಗಿ ಹೇಳಿದ್ದೇ? ತಪ್ಪಿದ ಮಾತುಗಳನ್ನೂ ಊರು ನೆನಪಿಟ್ಟಿದೆಯೇ, ಅಥವಾ ಫಲಿಸಿದ್ದನ್ನಷ್ಟೇ ಎಣಿಸುತ್ತಿದೆಯೇ? ಮಾತು ಸುಳ್ಳಾದರೆ ಅದರ ಬೆಲೆ ತೆರುವವರು ಯಾರು? ಹರಕೆ, ಕಾಣಿಕೆಗಳ ಮಟ್ಟಿಗೆ ಭಕ್ತನೇ ತೆರುತ್ತಾನೆ. ಅದು ಅವನ ಮನಸ್ಸಿಗೆ ಬಿಟ್ಟದ್ದು. ಬಾಣಂತಿಯೋ, ಜ್ವರದ ಮಗುವೋ, ಹಾವು ಕಡಿದವನೋ ತೆರಬೇಕಾಗಿ ಬಂದಾಗ ಪೂಜಾರಿ ಸಾಚಾನೋ ಸೋಗಿನವನೋ ಎಂದು ತೂಗುತ್ತ ಕೂರಲು ಹೊತ್ತಿಲ್ಲ. ಮೊದಲು ಆಸ್ಪತ್ರೆಗೆ ಬಂಡಿ ಹೊರಡಬೇಕು. ಜುಂಜಪ್ಪನ ಹಾಡಿಗಾಗಲಿ ಮಾರಮ್ಮನ ಜಾತ್ರೆಗಾಗಲಿ ಇದರಿಂದ ಕುಂದೇನೂ ಇಲ್ಲ. ಮಕ್ಕಳು ಬದುಕಿ ಉಳಿದ ಹಟ್ಟಿಯಲ್ಲಿ ಹಾಡಲು ಗಂಟಲುಗಳೂ ಹೆಚ್ಚಾಗಿಯೇ ಇರುತ್ತವೆ.