ಜೇನುಮೇಣದ ಬೆಳಕು

ಫೆಬ್ರವರಿ 2ರ ಸಮರ್ಪಣೆಯ ಹಬ್ಬದಂದು ಆಶೀರ್ವದಿಸಿದ ಮೇಣದ ಬತ್ತಿ ಹಿಡಿದು ಮೆರವಣಿಗೆಯಲ್ಲಿ ಸಾಗುತ್ತೇವೆ. ಆ ಮೇಣ ಎಲ್ಲಿಯದೆಂದು ಯೋಚಿಸಿದ್ದೇವೆಯೇ?

ಹಿಂದೆ ಧರ್ಮಸಭೆ ಬಲಿಪೀಠಕ್ಕೆ ಜೇನುಮೇಣವನ್ನೇ ಬಯಸುತ್ತಿತ್ತು. ಯೂರೋಪಿನ ಬಡವರ ಮನೆಗಳಲ್ಲಿ ಉರಿಯುತ್ತಿದ್ದುದು ಪ್ರಾಣಿಕೊಬ್ಬಿನ ಬತ್ತಿ. 1834ರಲ್ಲಿ ಇಂಗ್ಲೆಂಡಿನ ಜೋಸೆಫ್ ಮಾರ್ಗನ್ ಬತ್ತಿ ಎರಕ ಹೊಯ್ಯುವ ಯಂತ್ರ ರೂಪಿಸಿದರು. 1850ರ ದಶಕದಲ್ಲಿ ಪ್ಯಾರಾಫಿನ್ ಬಂತು. ಬತ್ತಿ ಅಗ್ಗವಾಯಿತು, ಜೇನುಮೇಣ ಮರೆಯಾಯಿತು.

ಲೊಕ್ಕನಹಳ್ಳಿಗೆ ಅದು ದೂರದ್ದಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ಹೆಜ್ಜೇನು ಇಳಿಸುತ್ತಾ ಬಂದವರು. 2006ರ ಸುಮಾರಿಗೆ ಅಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ತಡೆ ಬಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಜೇನು ಹಿಂಡಿದ ಮೇಲೆ ಉಳಿಯುವ ಹುಟ್ಟಿನಿಂದಲೇ ಮೇಣ.

ಅಲಂಕಾರದ ಬತ್ತಿ ಮಾಡಿ ಮಾರಲು ಹೊರಡುವ ತಾಯಂದಿರೇ, ಮೇಣವನ್ನು ನೇರ ಬೆಂಕಿಗಿಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟರೆ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬತ್ತಿ ದಪ್ಪವಾದಷ್ಟೂ ಒಳಗಿನ ನೂಲೂ ದಪ್ಪವಿರಲಿ. ಬೆಲೆ ಕಟ್ಟುವಾಗ ಮೇಣ, ನೂಲು, ಸೌದೆಯ ಜೊತೆ ನಿಮ್ಮ ಕೂಲಿಯನ್ನೂ ಸೇರಿಸಿ.

ಮೇಣ ಕೊಂಡವರಿಗೆ ನ್ಯಾಯವಾದ ಹಣ ಕೊಡಿ. ಜೀವ ಒತ್ತೆಯಿಟ್ಟು ಮರವೇರಿದವರ ಮನೆಗೂ ಬೆಳಕು ತಲುಪಿದರೆ ಹಬ್ಬ ಸಾರ್ಥಕ.