1956ಕ್ಕಿಂತ ಮೊದಲಿನ ಏಕೀಕರಣ

ಕರ್ನಾಟಕ ಒಂದಾದದ್ದು ಯಾವಾಗ ಎಂದು ಕೇಳಿದರೆ ಶಾಲೆಯ ಮಕ್ಕಳೂ 1956ರ ನವೆಂಬರ್ 1 ಎಂದು ಹೇಳುತ್ತಾರೆ. ಉತ್ತರ ಸರಿಯೇ. ಆದರೆ ಕುಂದಗೋಳ, ಗುಡಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಗೆ 1948ರ ಮಾರ್ಚ್ 8 ಅದಕ್ಕಿಂತ ಕಡಿಮೆಯ ದಿನವಲ್ಲ. ಅಂದು ದಕ್ಷಿಣದ ಮರಾಠಾ ಸಂಸ್ಥಾನಗಳ ಆಡಳಿತವನ್ನು ಮುಂಬಯಿ ಸರಕಾರ ವಹಿಸಿಕೊಂಡಿತು. ಜಮಖಂಡಿ, ಸಾಂಗಲಿ, ಮಿರಜ, ರಾಮದುರ್ಗ, ಮುಧೋಳ, ಸವಣೂರುಗಳು ಸಂಸ್ಥಾನಗಳಾಗಿ ಉಳಿಯಲಿಲ್ಲ. ಈ ಮೊದಲ ವಿಲೀನ ಆಗದೆ ಹೋಗಿದ್ದರೆ ಅಥವಾ ಅರಸರು ತಾವೇ ಕಟ್ಟಹೊರಟಿದ್ದ ಒಕ್ಕೂಟ ಬೇರೂರಿದ್ದರೆ, ಧಾರವಾಡ ಸೀಮೆಯ ನಡುಭಾಗಕ್ಕೇ 1956 ಬಿಕ್ಕಟ್ಟಾಗಿ ಬರುತ್ತಿತ್ತು ಎಂಬುದು ನನ್ನ ವಾದ. ನಾವು ಹಾಡುವ ಏಕೀಕರಣದ ಕಥೆಯಲ್ಲಿ ಈ ಅಧ್ಯಾಯ ತೀರ ತೆಳುವಾಗಿದೆ.

ಮೊದಲು ನೆಲದ ಸ್ಥಿತಿ ನೋಡಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು ಹೆಸರಿಸುತ್ತದೆ. ಸಾವಿರ ವರ್ಷಗಳ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ ಮಿರಜದ ಅರಸರ ಕೈಯಲ್ಲಿತ್ತು. ಕೊಪಣ ಅಂದರೆ ಕೊಪ್ಪಳ ನಿಜಾಮರ ರಾಜ್ಯದೊಳಗಿತ್ತು. ಕಿಸುವೊಳಲು ಎಂಬ ಪಟ್ಟದಕಲ್ಲು ಮತ್ತು ಒಕ್ಕುಂದ ಮುಂಬಯಿ ಪ್ರಾಂತದಲ್ಲಿದ್ದವು. ಪಂಪನ ತಾಯಿಯ ತವರಾದ ಅಣ್ಣಿಗೇರಿ ನವಲಗುಂದ ತಾಲೂಕಿನಲ್ಲಿ ಬ್ರಿಟಿಷ್ ಆಡಳಿತದಡಿ ಇತ್ತು. ಬೆಳ್ವೊಲ ಮುನ್ನೂರು ಎಂದು ಶಾಸನಗಳು ಕರೆಯುವ ಎರೆಭೂಮಿಯಲ್ಲಿ ನಿಂತು ದಕ್ಷಿಣಕ್ಕೆ ನಡೆದರೆ ಒಂದೆರಡು ದಿನದೊಳಗೆ ಮುಂಬಯಿ, ಮಿರಜ, ಸಾಂಗಲಿ, ಜಮಖಂಡಿ ಎಂಬ ನಾಲ್ಕು ಆಡಳಿತಗಳ ನೆಲ ತುಳಿದಂತಾಗುತ್ತಿತ್ತು. ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರಿನಷ್ಟೇ ದೂರವಿರುವ ಕುಂದಗೋಳದ ರೈತನ ಒಡೆಯ ನೂರು ಕಿಲೋಮೀಟರಿಗೂ ಆಚೆಯ ಜಮಖಂಡಿಯಲ್ಲಿದ್ದ. ಹತ್ತಿ ಮಾರುವ ಪೇಟೆ ಒಂದು ಸರಕಾರದ್ದು, ಸಾರಾ ಕಟ್ಟುವ ಕಚೇರಿ ಇನ್ನೊಂದು ಸರಕಾರದ್ದು.

ಈ ಗೆರೆಗಳನ್ನು ಯಾರೂ ಭಾಷೆ ನೋಡಿ, ಹೊಳೆ ನೋಡಿ, ಸಂತೆ ನೋಡಿ ಎಳೆದದ್ದಲ್ಲ. ಪೇಶವೆಗಳು ತಮ್ಮ ಕುದುರೆ ಪಡೆ ಸಾಕುವುದಕ್ಕೆಂದು ಸಾಂಗಲಿ, ಮಿರಜ, ಜಮಖಂಡಿಗಳ ಅರಸು ಮನೆತನವಾದ ಪಟವರ್ಧನರಿಗೆ ಸರಂಜಾಮು, ಅಂದರೆ ಜಹಗೀರು, ಕೊಟ್ಟರು. ಪಡೆಯ ಖರ್ಚಿಗೆ ಉತ್ಪನ್ನ ಬರಬೇಕು, ಅದು ಎಲ್ಲಿಂದ ಬಂದರೂ ಆದೀತು. ಹೀಗಾಗಿ ಒಂದು ಮನೆತನಕ್ಕೆ ಕೃಷ್ಣೆಯ ದಂಡೆಯ ಊರೂ ಸಿಕ್ಕಿತು, ತುಂಗಭದ್ರೆಯ ಕಡೆಯ ಊರೂ ಸಿಕ್ಕಿತು. ಅಣ್ಣತಮ್ಮಂದಿರ ಪಾಲಾದಾಗ ಸಂಸ್ಥಾನವೂ ಒಡೆಯಿತು. 1818ರಲ್ಲಿ ಪೇಶವಾಯಿ ಮುಗಿದ ಮೇಲೂ ಈಸ್ಟ್ ಇಂಡಿಯಾ ಕಂಪನಿ ಈ ಹರಿದುಹಂಚಿದ ನಕಾಶೆಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು. ನರಗುಂದದ ಉದಾಹರಣೆ ಇನ್ನೂ ಸ್ಪಷ್ಟ. ನರಗುಂದ, ರಾಮದುರ್ಗ ಎರಡೂ ಭಾವೆ ಮನೆತನದವು. ನರಗುಂದದ ಬಾಬಾಸಾಹೇಬರಿಗೆ ದತ್ತಕದ ಒಪ್ಪಿಗೆ ಸಿಗಲಿಲ್ಲ; 1858ರಲ್ಲಿ ಅವರು ಬಂಡೆದ್ದರು; ಸಂಸ್ಥಾನ ಹೋಯಿತು, ನರಗುಂದ ಬ್ರಿಟಿಷರ ನವಲಗುಂದ ತಾಲೂಕಿಗೆ ಅಂಟಿಕೊಂಡಿತು. ರಾಮದುರ್ಗ ಮಾತ್ರ ಮತ್ತೆ ತೊಂಬತ್ತು ವರ್ಷ ಸಂಸ್ಥಾನವಾಗಿಯೇ ಇತ್ತು. ಒಂದು ದತ್ತಕದ ಅರ್ಜಿ ತಿರಸ್ಕೃತವಾದದ್ದರಿಂದ ಅಕ್ಕಪಕ್ಕದ ಊರುಗಳು ಎರಡು ರಾಜ್ಯಗಳಾದವು.

ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಬಂದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’, 1920ರ ನಾಗಪುರ ಕಾಂಗ್ರೆಸ್ಸಿನ ಬಳಿಕ ಕನ್ನಡ ನಾಡಿಗೇ ಬೇರೆಯಾಗಿ ಸಿಕ್ಕ ಪ್ರಾಂತ ಸಮಿತಿ, 1924ರ ಬೆಳಗಾವಿ ಅಧಿವೇಶನದ ಜೊತೆಗೇ ನಡೆದ ಏಕೀಕರಣ ಪರಿಷತ್ತು: ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು, ವಿಸ್ತರಿಸಬೇಕಿಲ್ಲ. ಇಷ್ಟು ಮಾತ್ರ ಹೇಳಬೇಕು. ಬ್ರಿಟಿಷ್ ಆಡಳಿತದ ಕನ್ನಡಿಗರಿಗೆ ಸಭೆ, ಪತ್ರಿಕೆ, ಶಾಸನಸಭೆಗಳ ದಾರಿ ಇತ್ತು. ಸಂಸ್ಥಾನದ ಕನ್ನಡಿಗರಿಗೆ ಆ ದಾರಿ ಕಿರಿದು. ಅವರ ಮೊದಲ ಬೇಡಿಕೆ ಜವಾಬ್ದಾರಿ ಸರಕಾರ. 1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಪ್ರಜೆಗಳ ಚಳವಳಿ ರಕ್ತಪಾತಕ್ಕೆ ತಿರುಗಿದ್ದು ಆ ಒತ್ತಡ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ.

ಸ್ವಾತಂತ್ರ್ಯದ ಹೊತ್ತಿಗೆ ಅರಸರಿಗೂ ಗೊತ್ತಾಗಿತ್ತು, ಒಂಟಿಯಾಗಿ ಉಳಿಯುವುದು ಸಾಧ್ಯವಿಲ್ಲವೆಂದು. ಅವರಲ್ಲಿ ಎಂಟು ಮಂದಿ ಸೇರಿ ‘ಸಂಯುಕ್ತ ದಕ್ಷಿಣ ಸಂಸ್ಥಾನ’ ಎಂಬ ಒಕ್ಕೂಟಕ್ಕೆ ಕೈಹಾಕಿದರು. ಔಂಧ, ಭೋರ, ಫಲಟಣ, ಸಾಂಗಲಿ, ಹಿರಿಯ ಮತ್ತು ಕಿರಿಯ ಮಿರಜಗಳು, ಹಿರಿಯ ಕುರುಂದವಾಡ, ರಾಮದುರ್ಗ ಅದರಲ್ಲಿದ್ದವು. ಪುಣೆಯ ಆಚೀಚಿನ ಭೋರದಿಂದ ಹಿಡಿದು ಧಾರವಾಡದ ಮಗ್ಗುಲಿನ ಶಿರಹಟ್ಟಿಯ ತನಕ ಚದುರಿದ ತುಂಡುಗಳ ರಾಜ್ಯವದು. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಮುಂಬಯಿ ಪ್ರಾಂತವನ್ನು ದಾಟಲೇಬೇಕು. ಜಮಖಂಡಿಯ ಅರಸ ಶಂಕರರಾವ್ ಪಟವರ್ಧನ ಈ ಕೂಟಕ್ಕೆ ಸೇರದೆ, ಪ್ರಜೆಗಳಿಗೆ ಬೇಕಿದ್ದರೆ ವಿಲೀನಕ್ಕೆ ಸಿದ್ಧ ಎಂದರು. ಆ ಕಾಲದ ಅರಸರಲ್ಲಿ ಅದು ಅಪರೂಪದ ನಡೆ, ಅದಕ್ಕೆ ಸಲ್ಲಬೇಕಾದ ಗೌರವ ಇಂದಿಗೂ ಸಂದಿಲ್ಲ. ಒಕ್ಕೂಟವೂ ತಿಂಗಳೊಪ್ಪತ್ತಿನಲ್ಲಿ ಕುಸಿದು ಅದರ ಸದಸ್ಯರೇ ವಿಲೀನದ ಕರಾರಿಗೆ ಸಹಿ ಹಾಕಿದರು.

ಈಗ ಯೋಚಿಸಿ ನೋಡಿ: ಆ ಒಕ್ಕೂಟ ಎಂಟು ವರ್ಷ ನಿಂತು 1956ಕ್ಕೆ ಮುಟ್ಟಿದ್ದರೆ ಏನಾಗುತ್ತಿತ್ತು? ಅದರ ಹೆಚ್ಚು ಪಾಲು ನೆಲ ಮರಾಠಿಯದು, ರಾಜಧಾನಿಗಳೆಲ್ಲ ಬಹುಮಟ್ಟಿಗೆ ಮರಾಠಿ ಊರುಗಳು. ಶಿರಹಟ್ಟಿ ಸಾಂಗಲಿಯ ಜೊತೆಗೂ ಲಕ್ಷ್ಮೇಶ್ವರ ಮಿರಜದ ಜೊತೆಗೂ ಕಟ್ಟಿಕೊಂಡೇ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ ಬರುತ್ತಿದ್ದವು. ಇಡಿಯಾಗಿ ಹೋದ ಆಡಳಿತ ಘಟಕದೊಳಗಿನ ಕನ್ನಡದ ಭಾಗಕ್ಕೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಅಕ್ಕಲಕೋಟೆ ಮತ್ತು ಜತ್ತದಲ್ಲಿ ಕಣ್ಣಾರೆ ಕಾಣಬಹುದು. ಅವೂ ಹಳೆಯ ಸಂಸ್ಥಾನಗಳೇ. ಕನ್ನಡ ಮಾತಾಡುವ ಹಳ್ಳಿಗಳು ಅಲ್ಲಿ ಇಂದಿಗೂ ಮಹಾರಾಷ್ಟ್ರದಲ್ಲಿವೆ. 1948ರಲ್ಲಿ ಸಂಸ್ಥಾನಗಳನ್ನು ಕರಗಿಸಿ, ತುಂಡುಗಳನ್ನು ಅವು ಬಿದ್ದಿದ್ದ ಜಿಲ್ಲೆಗೇ ಸೇರಿಸಿದ್ದರಿಂದ ಕುಂದಗೋಳ, ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡದವಾದವು, ಧಾರವಾಡದ ಜೊತೆಗೆ ಕರ್ನಾಟಕಕ್ಕೆ ಬಂದವು.

ಇದೆಲ್ಲ ದಿಲ್ಲಿಯ ಕೆಲಸ, ಸರದಾರ ಪಟೇಲರ ಮತ್ತು ವಿ. ಪಿ. ಮೆನನ್ನರ ಕೈಚಳಕ, ಇದರಲ್ಲಿ ಕನ್ನಡದ ಅಭಿಮಾನಕ್ಕೆ ಏನು ಪಾಲು ಎಂದು ಕೇಳುವವರಿದ್ದಾರೆ. ಸಹಿ ಹಾಕಿಸಿದ್ದು ದಿಲ್ಲಿ ನಿಜ, ವಿಲೀನದ ಉದ್ದೇಶ ಭಾಷಾ ಪ್ರಾಂತ ಆಗಿರಲಿಲ್ಲ ಎಂಬುದೂ ನಿಜ. ಅದೇ ವರ್ಷ ಧರ ಆಯೋಗ ಭಾಷಾವಾರು ಪ್ರಾಂತಗಳೇ ಬೇಡವೆಂದು ಹೇಳಿತು. ಆದರೆ ಚರಿತ್ರೆಯಲ್ಲಿ ಉದ್ದೇಶಕ್ಕಿಂತ ಪರಿಣಾಮ ದೂರ ಹೋಗುವುದುಂಟು. ಒಂದೇ ಜಿಲ್ಲೆಯ ಕಚೇರಿಗೆ ಬಂದ ಹಳ್ಳಿಗಳು ಒಂದೇ ಚಳವಳಿಗೂ ಬಂದವು. ಹುಬ್ಬಳ್ಳಿ ಸಮೀಪದ ಅದರಗುಂಚಿಯ ಶಂಕರಗೌಡ ಪಾಟೀಲರು 1953ರಲ್ಲಿ ಆಮರಣ ಉಪವಾಸ ಕೂತಾಗ, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಂಗ್ರೆಸ್ ಸಭೆಯ ಸುತ್ತ ಜನ ಸಿಟ್ಟಿಗೆದ್ದಾಗ, ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಶಾಸಕ ಸ್ಥಾನ ಬಿಟ್ಟಾಗ, ಹೋರಾಟ ಪೇಟೆಯ ವಕೀಲರ ಕೈಯಿಂದ ಒಕ್ಕಲಿಗನ ಕಟ್ಟೆಗೆ ಬಂದಿತ್ತು. ಆಂಧ್ರದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್‌ನಲ್ಲಿ ಪ್ರಾಣ ಕೊಟ್ಟದ್ದರಿಂದಲೇ ದಾರಿ ತೆರೆಯಿತು ಎನ್ನುವವರ ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಬಾಗಿಲು ಅಲ್ಲಿ ತೆರೆಯಿತು; ಆ ಬಾಗಿಲಿನ ಮುಂದೆ ಒಟ್ಟಾಗಿ ನಿಲ್ಲುವ ಶಕ್ತಿ ಧಾರವಾಡದ ಹಳ್ಳಿಗಳಿಗೆ ಬಂದದ್ದು ಅದಕ್ಕೂ ಮುಂಚೆ.

ಯುರೋಪನ್ನು ನೋಡಿ, ರಾಜ್ಯಗಳನ್ನು ಕರಗಿಸದೆಯೂ ಒಂದಾಗಬಹುದಲ್ಲ ಎಂಬ ಮಾತು ಬರುತ್ತದೆ. ನಮ್ಮ ವಿಲೀನವಾದ ಎರಡೇ ತಿಂಗಳಿಗೆ, 1948ರ ಮೇ ತಿಂಗಳಲ್ಲಿ, ಹೇಗ್ ನಗರದಲ್ಲಿ ಯುರೋಪಿನ ಐಕ್ಯಕ್ಕಾಗಿ ದೊಡ್ಡ ಸಮ್ಮೇಳನ ನಡೆಯಿತು. 1951ರಲ್ಲಿ ಆರು ದೇಶಗಳು ಕಲ್ಲಿದ್ದಲು ಉಕ್ಕಿನ ಒಪ್ಪಂದ ಮಾಡಿಕೊಂಡವು, 1957ರಲ್ಲಿ ರೋಮಿನಲ್ಲಿ ಮುಂದಿನ ಹೆಜ್ಜೆ ಇಟ್ಟವು. ಅಲ್ಲಿ ಸೇರಿದ್ದು ಗಟ್ಟಿ ಗಡಿಯುಳ್ಳ, ಶಾಸನಸಭೆಯುಳ್ಳ, ತಮ್ಮ ಜನರ ಒಪ್ಪಿಗೆಯಿಂದ ನಡೆಯುವ ರಾಜ್ಯಗಳು. ಇಲ್ಲಿ ಸೇರಹೊರಟದ್ದು ಅರಸೊತ್ತಿಗೆಗಳು, ಅವುಗಳ ನೆಲ ಅಲ್ಲಲ್ಲಿ ಉದುರಿ ಬಿದ್ದಿತ್ತು. ಒಡೆಯರ ಕೂಟವೂ ಪ್ರಜೆಗಳ ಕೂಟವೂ ಒಂದೇ ಅಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮರಾಠಿ ಸಂಸ್ಥಾನಗಳ ನಂಟಿನಿಂದ ಈ ಹಳ್ಳಿಗಳಿಗೆ ಒಂದು ಸಂಸ್ಕಾರ ಬಂದಿತ್ತು, ಗಡಿ ಬಿದ್ದು ಅದು ಕತ್ತರಿಸಿಹೋಯಿತು ಎಂಬುದು ಆ ಮಾತು. ಕುಂದಗೋಳದ ನಾಡಿಗೇರ ವಾಡೆಗೆ ಮಿರಜದ ಅಬ್ದುಲ್ ಕರೀಮ್ ಖಾನರು ಬರುತ್ತಿದ್ದರು. ಅವರ ಶಿಷ್ಯರಾಗಿ ಬೆಳೆದ ಕುಂದಗೋಳದ ರಾಮಚಂದ್ರರಾಯರು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆನಿಸಿದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು, ಭೀಮಸೇನ ಜೋಶಿಯವರು ಅಲ್ಲೇ ಉಳಿದರು. ಈ ಲೇವಾದೇವಿ ದೊಡ್ಡದು, ಅದನ್ನು ಸಣ್ಣದೆನ್ನುವವನಿಗೆ ಧಾರವಾಡ ಸೀಮೆಯೇ ಗೊತ್ತಿಲ್ಲ. ಆದರೆ ಅದು ಸಂಸ್ಥಾನದ ಗಡಿಯನ್ನು ನಂಬಿ ಬೆಳೆದದ್ದಲ್ಲ, ಹಾಗಾಗಿ ಗಡಿ ಬದಲಾದಾಗ ಸಾಯಲೂ ಇಲ್ಲ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು, ಕುಂದಗೋಳದಲ್ಲೂ ಅವರ ಸ್ಮರಣೆಯ ಸಂಗೀತ ನಡೆದುಕೊಂಡು ಬಂದಿದೆ.

ಒಂದಾದ ಮೇಲೆ ಉತ್ತರ ಕರ್ನಾಟಕಕ್ಕೆ ನ್ಯಾಯ ಸಿಕ್ಕಿತೇ ಎಂದು ಕೇಳಿದರೆ, ಪೂರ್ತಿ ಸಿಕ್ಕಿಲ್ಲ ಎಂದೇ ಹೇಳಬೇಕು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರದವು. ಮಲಪ್ರಭೆಯ ಕಾಲುವೆ ಬಂದ ನವಲಗುಂದದಲ್ಲೇ 1980ರ ಜುಲೈನಲ್ಲಿ ರೈತರು ಕರದ ವಿರುದ್ಧ ಎದ್ದು ಗುಂಡಿಗೆ ಬಲಿಯಾದರು. ಆದರೆ ಹಾಗೆ ಲೆಕ್ಕ ಕೇಳಲು ಒಂದು ಶಾಸನಸಭೆ, ಬೊಟ್ಟು ಮಾಡಿ ತೋರಿಸಲು ಒಂದು ಸರಕಾರ ಇದೆಯೆಂಬುದೇ ಸಂಸ್ಥಾನದ ಪ್ರಜೆಗೆ ಇಲ್ಲದಿದ್ದ ಬಲ. ಜಮಖಂಡಿಯ ಅರಸ ಒಳ್ಳೆಯವನಿರಬಹುದು, ಅವನನ್ನು ಇಳಿಸುವ ಹಕ್ಕು ಕುಂದಗೋಳದ ಒಕ್ಕಲಿಗನಿಗೆ ಇರಲಿಲ್ಲ.

ಏಕೀಕರಣದ ಈ ಮೊದಲ ಅಧ್ಯಾಯ ಬರೆಯಲು ಬೇಕಾದ ಸಾಮಗ್ರಿ ದೊಡ್ಡ ಗ್ರಂಥಾಲಯಗಳಲ್ಲಿ ಮಾತ್ರ ಇರುವುದಿಲ್ಲ. ಕುಂದಗೋಳ, ಗುಡಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಹಳೆಯ ಗೌಡ ಕುಲಕರ್ಣಿ ಮನೆಗಳಲ್ಲಿ ಸಂಸ್ಥಾನ ಕಾಲದ ದಫ್ತರ, ಸಾರಾ ಪಾವತಿ, ಮೋಡಿ ಲಿಪಿಯ ಕಾಗದಪತ್ರಗಳು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಗೆ ತಲುಪಿಸಿ. ಮೋಡಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.